‘ನಿಮ್ಮ ನಂಬಿಕೆ ಸಾಲದು’ ಅಂದವರಿಗೆ ಏನನ್ನಬೇಕು?

ಮದ್ದೂರು ಕಡೆಯ ಸಹೋದರಿಯೊಬ್ಬರು ಬರೆದಿದ್ದಾರೆ: ಯಜಮಾನರಿಗೆ ಎರಡು ವರ್ಷದಿಂದ ಡಯಾಲಿಸಿಸ್. ವಾರಕ್ಕೆರಡು ಸಲ ಮೈಸೂರಿಗೆ ಓಡಾಟ, ಕಬ್ಬಿನ ದುಡ್ಡೆಲ್ಲ ಅದಕ್ಕೇ. ‘ನಿಮ್ಮ ನಂಬಿಕೆ ಸಾಲದು, ಅದಕ್ಕೇ ಗುಣವಾಗ್ತಿಲ್ಲ’ ಎಂದು ಪ್ರಾರ್ಥನಾ ಕೂಟದಲ್ಲಿ ಯಾರೋ ಅಂದರಂತೆ. ಅಂದಿನಿಂದ ಪ್ರಾರ್ಥನೆಗೆ ಕೂತರೆ ಬಾಯೇ ಕಟ್ಟಿದಂತಾಗುತ್ತದೆ. ದೇವರ ಮೇಲೆ ಅನುಮಾನ ಬರುವುದು ಪಾಪವೇ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಸಹೋದರಿಯವರೇ, ಮೊದಲು ಆ ಕೂಟದ ಮಾತನ್ನು ಮುಗಿಸೋಣ. ಬೈಬಲಿನಲ್ಲಿ ಯೇಸುವಿನ ಅಪೊಸ್ತಲ ಪೌಲನ ಶರೀರದಲ್ಲೊಂದು ಮುಳ್ಳಿತ್ತು, ಅಂದರೆ ಬಿಡದ ಬಾಧೆ. ತೆಗೆದುಬಿಡು ಎಂದು ಮೂರು ಸಲ ಬೇಡಿಕೊಂಡ, ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು (2 ಕೊರಿಂಥ 12). ಪೌಲನಿಗೂ ನಂಬಿಕೆ ಸಾಲಲಿಲ್ಲ ಅನ್ನುವ ಧೈರ್ಯ ಯಾರಿಗಿದೆ? ಎಲ್ಲ ಕಳೆದುಕೊಂಡು ರೋಗಕ್ಕೆ ಬಿದ್ದ ಯೋಬನ ಗೆಳೆಯರನ್ನೂ ನೋಡಿ. ಏಳು ಹಗಲು ಏಳು ರಾತ್ರಿ ತುಟಿಬಿಚ್ಚದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅಷ್ಟಕ್ಕೇ ಎದ್ದುಹೋಗಿದ್ದರೆ ಒಳ್ಳೆಯ ಹೆಸರು ಉಳಿಯುತ್ತಿತ್ತು. ಬಾಯಿಬಿಟ್ಟರು, ಅವನಲ್ಲೇ ತಪ್ಪು ಹುಡುಕಿದರು. ಕೊನೆಗೆ ಯೋಬನ ಗ್ರಂಥದ 42ನೇ ಅಧ್ಯಾಯದಲ್ಲಿ ದೇವರ ಕೋಪ ಉರಿದದ್ದು ತನ್ನ ಪರ ವಕಾಲತ್ತು ವಹಿಸಿದ ಇವರ ಮೇಲೆ.

ಅನುಮಾನದ ಮಾತಿಗೆ ಮಾರ್ಕ 9 ಓದಿ. ನಂಬುತ್ತೇನೆ, ನಂಬಲಾರದ ನನಗೆ ಸಹಾಯಮಾಡು ಎಂದು ಒಂದೇ ಉಸಿರಿನಲ್ಲಿ ಕೂಗಿಕೊಂಡ, ಕಾಯಿಲೆಯ ಮಗನನ್ನು ಕರೆತಂದ ತಂದೆ ಅಲ್ಲಿದ್ದಾನೆ. ನಂಬಿಕೆ ಪೂರ್ತಿ ಮಾಡಿಕೊಂಡು ಬಾ ಎಂದು ಯೇಸು ಅವನನ್ನು ವಾಪಸ್ ಕಳಿಸಲಿಲ್ಲ. ಮಗನನ್ನು ಕೈಹಿಡಿದು ಎಬ್ಬಿಸಿದ.

ಇನ್ನು ಬಾಯಿ ಕಟ್ಟುವುದಕ್ಕೆ. ಬೈಬಲಿನ 13ನೇ ಕೀರ್ತನೆ ತೆಗೆಯಿರಿ, ಆರೇ ವಚನ. ಮೊದಲೆರಡರಲ್ಲಿ ‘ಇನ್ನೆಷ್ಟರವರೆಗೆ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಮುಂದಿನೆರಡು ಬೇಡಿಕೆ, ಕಡೆಯೆರಡು ಭರವಸೆ. ನಮ್ಮಲ್ಲಿ ಬಹಳ ಜನ ಎಡವುವುದು, ದೂರನ್ನು ನುಂಗಿಕೊಂಡು ಸೀದಾ ಐದನೇ ವಚನಕ್ಕೆ ಹಾರುವುದರಿಂದ. ನುಂಗಿದ್ದು ಗಂಟಲಲ್ಲೇ ಕೂರುತ್ತದೆ, ಆಮೇಲೆ ಯಾವ ಮಾತೂ ಹೊರಡುವುದಿಲ್ಲ.

ಯಜಮಾನರಿಗೆ ಸೂಜಿ ಹಾಕಿದ ಮೇಲೆ ನಿಮಗೆ ಹೊರಗೆ ಹೆಚ್ಚುಕಡಿಮೆ ನಾಲ್ಕು ಗಂಟೆ ಸಿಗುತ್ತದಲ್ಲ, ಅದರಲ್ಲಿ ಹತ್ತು ನಿಮಿಷ ಸಾಕು. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ‘ಇನ್ನೆಷ್ಟು ದಿನ’ ಬರೆಯಿರಿ: ಇನ್ನೆಷ್ಟು ದಿನ ಈ ಬಸ್ಸು, ಇನ್ನೆಷ್ಟು ದಿನ ಈ ಸಾಲ. ಕೆಳಗೆ ಒಂದೇ ಒಂದು ಬೇಡಿಕೆ, ಆ ವಾರಕ್ಕೆ ಸಾಕಾಗುವಷ್ಟು. ಮುಂದಿನ ಸಲ ಸೂಜಿ ಸಲೀಸಾಗಿ ಹೋಗಲಿ ಅಂದರೂ ಆಯಿತು. ಭರವಸೆಯ ಸಾಲು ಬಂದರೆ ಬರೆಯಿರಿ, ಬರದಿದ್ದರೆ ಆ ಜಾಗ ಖಾಲಿ ಬಿಡಿ. 88ನೇ ಕೀರ್ತನೆಯಲ್ಲಿ ಆ ಸಾಲು ಬರುವುದೇ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಆದರೂ ಅದು ಶುರುವಾಗುವುದು ನನ್ನನ್ನು ರಕ್ಷಿಸುವ ದೇವರೇ ಎಂದು ಕರೆಯುತ್ತ. ಬೈಯುವುದಕ್ಕಾದರೂ ಅವನ ಬಾಗಿಲಿಗೇ ಹೋಗುತ್ತಿದ್ದೀರಲ್ಲ, ನಾನು ವಿಶ್ವಾಸ ಅನ್ನುವುದು ಅದನ್ನೇ.

ನಿಮ್ಮ ಊಟ, ನಿದ್ದೆ ಹೇಗಿದೆ ಎಂದು ಬರೆದಿಲ್ಲ. ಪ್ರವಾದಿ ಎಲೀಯ ಗಿಡದ ಕೆಳಗೆ ಕೂತು ಸಾವು ಬೇಡಿದಾಗ ದೇವರು ಪ್ರಸಂಗ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು, ನಿದ್ದೆ. ಮತ್ತೆ ಎಬ್ಬಿಸಿ ಊಟ (1 ಅರಸುಗಳು 19). ಮಾತುಕತೆ ಆಮೇಲೆ. ನಿಮಗೂ ಸಾವಿನ ಯೋಚನೆ ಬರುತ್ತಿದ್ದರೆ ಇವತ್ತೇ ಸಭಾಪಾಲಕರಿಗೆ (ಪಾಸ್ಟರಿಗೆ) ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416 ಟೆಲಿಮಾನಸ್‌ಗೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ.

ಸಭೆಯ ಹಿರಿಯರು ಎಣ್ಣೆ ಹಚ್ಚಿ ಪ್ರಾರ್ಥಿಸುವುದು ಯಾಕೋಬನ ಪತ್ರದ 5ನೇ ಅಧ್ಯಾಯದಲ್ಲೇ ಇದೆ, ಕರೆಸಿಕೊಳ್ಳಿ. ಆದರೆ ‘ನಂಬಿ, ಡಯಾಲಿಸಿಸ್ ಬಿಡಿ’ ಅನ್ನುವವರನ್ನು ಮನೆಯೊಳಗೆ ಸೇರಿಸಬೇಡಿ. ಉಪವಾಸ ಪ್ರಾರ್ಥನೆಗೆ ಯಜಮಾನರನ್ನು ಡಾಕ್ಟರನ್ನು ಕೇಳದೆ ಕೂರಿಸಲೂ ಬೇಡಿ. ಮತ್ತೊಂದು, ನಿಮ್ಮೂರಲ್ಲಿ ರೋಗಿ ನೋಡಲು ಬರುವವರು ಎಳನೀರು ತಾರದೆ ಇರುವುದಿಲ್ಲ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಕೆಟ್ಟ ಕಿಡ್ನಿ ಅದನ್ನು ಹೊರಹಾಕಲಾರದು, ಹೃದಯಕ್ಕೇ ಅಪಾಯ. ತಂದವರ ಮನಸ್ಸು ನೋಯಿಸದೆ ಈಸಿಕೊಂಡು, ನೀವು ಕುಡಿಯಿರಿ.