ಪೈಥಾನ್ ಪ್ರೋಗ್ರಾಂ ಒಳಗಿಂದ ಶೆಲ್ ಕಮಾಂಡ್ ಓಡಿಸಿದರೆ ಏನು ಅಪಾಯ?

ನೀವು ಕೇಳಿದ್ದು: ಉಡುಪಿಯ ಸ್ಟುಡಿಯೋ ಒಂದರ ಸೈಟಿನಲ್ಲಿ ಗ್ರಾಹಕರು ಹಾಕುವ ಫೋಟೋವನ್ನು ಪೈಥಾನ್‌ನ ‘ಓಎಸ್.ಸಿಸ್ಟಮ್’ ಮೂಲಕ ಇಮೇಜ್‌ಮ್ಯಾಜಿಕ್ ಎಂಬ ಚಿತ್ರ ತಿದ್ದುವ ಪ್ರೋಗ್ರಾಂಗೆ ಕೊಟ್ಟು ಚಿಕ್ಕದು ಮಾಡುತ್ತಿದ್ದೇನೆ, ಪರವಾಗಿಲ್ವಾ?

ಇಲ್ಲ, ಅಪಾಯವಿದೆ! ತೊಂದರೆ ಇಮೇಜ್‌ಮ್ಯಾಜಿಕ್‌ನದ್ದಲ್ಲ, ಫೈಲಿನ ಹೆಸರಿನದ್ದು. ಆ ಹೆಸರು ಬರೆಯುವವರು ನೀವಲ್ಲ, ಯಾರೋ ಅಪರಿಚಿತರು.

ಹೋಟೆಲಿನಲ್ಲಿ ಚೀಟಿ ನೋಡಿ ಕೆಲಸ ಮಾಡುವ ಹುಡುಗ ಇದ್ದಾನೆ ಅಂದುಕೊಳ್ಳಿ. ‘ಎರಡು ಬನ್ಸ್, ಒಂದು ಕಾಫಿ, ಗಲ್ಲಾಪೆಟ್ಟಿಗೆ ತಂದುಕೊಡು’ ಅಂತ ಗಿರಾಕಿ ಬರೆದರೆ ಅದನ್ನೂ ತಂದುಕೊಡುತ್ತಾನೆ. ‘ಓಎಸ್.ಸಿಸ್ಟಮ್’ ನಿಮ್ಮ ಕಮಾಂಡನ್ನು ಶೆಲ್‌ಗೆ, ಅಂದರೆ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂಗೆ, ಕೊಡುತ್ತದೆ. ಅದೂ ಥೇಟ್ ಹಾಗೆ. ಅದಕ್ಕೆ ‘;’ ಮತ್ತು ‘|’ ಮತ್ತು ‘$( )’ ಬರೀ ಅಕ್ಷರಗಳಲ್ಲ, ಅಪ್ಪಣೆಗಳು. ಫೈಲಿನ ಹೆಸರು ‘ರಥಬೀದಿ; rm -rf ~’ ಅಂತಿದ್ದರೆ (‘rm -rf ~’ ಅಂದರೆ ಹೋಮ್ ಫೋಲ್ಡರ್ ಅಳಿಸು) ಫೋಟೋ ಜೊತೆ ನಿಮ್ಮ ಹೋಮ್ ಫೋಲ್ಡರೂ ಹೋಯಿತು.

ಹೆಸರಿನ ಸುತ್ತ ಕೋಟ್ಸ್ ಹಾಕಿದರೆ ಸಾಕಲ್ವಾ? ಸಾಲದು. ಹೆಸರಿನ ಒಳಗೇ ಒಂದು ಕೋಟ್ ಇದ್ದರೆ ನಿಮ್ಮದು ಅಲ್ಲಿಗೇ ಮುಚ್ಚಿಹೋಗುತ್ತದೆ.

ಅದರ ಬದಲು ಪೈಥಾನ್‌ನದೇ ‘ಸಬ್‌ಪ್ರೋಸೆಸ್.ರನ್’ ಬಳಸಿ, ಕಮಾಂಡ್ ಮತ್ತು ಹೆಸರನ್ನು ಲಿಸ್ಟ್ ಆಗಿ ಬೇರೆ ಬೇರೆ ಕೊಡಿ. ‘ಶೆಲ್=ಟ್ರೂ’ ಮಾತ್ರ ಹಾಕಬೇಡಿ. ಆಗ ನಡುವೆ ಶೆಲ್ಲೇ ಬರುವುದಿಲ್ಲ, ‘;’ ಬರೀ ‘;’ ಆಗಿ ಉಳಿಯುತ್ತದೆ. ಆದರೂ ‘-’ ಇಂದ ಶುರುವಾಗುವ ಹೆಸರನ್ನು ಇಮೇಜ್‌ಮ್ಯಾಜಿಕ್ ಫೈಲ್ ಅಲ್ಲ, ತನಗೆ ಕೊಟ್ಟ ಆಪ್ಷನ್ ಅಂತ ಓದಬಹುದು. ಹಾಗಾಗಿ ಅಪ್‌ಲೋಡ್ ಆದ ಕೂಡಲೇ ನೀವೇ ಹೊಸ ಹೆಸರಿಡಿ.

ಮಂಗಳೂರಿನಲ್ಲಿ ಕೆಲಸಕ್ಕಿದ್ದಾಗ ನನಗೆ ಈ ಪಾಠ ಕಲಿಸಿದ್ದು ಹ್ಯಾಕರ್ ಅಲ್ಲ, ‘ಕೋಲದ ಫೋಟೋ’ ಎಂಬ ಹೆಸರಿನ ನಡುವಿನ ಖಾಲಿ ಜಾಗ. ಶೆಲ್ ಅದನ್ನು ಎರಡು ಫೈಲ್ ಅಂದುಕೊಂಡಿತ್ತು.

ಅಂದಹಾಗೆ, ಸುಮ್ನೆ ಫೋಟೋ ಚಿಕ್ಕದು ಮಾಡಲು ಪೈಥಾನ್‌ನ ಪಿಲ್ಲೋ ಲೈಬ್ರರಿಯೇ ಸಾಕು. ಕಮಾಂಡೇ ಬೇಡ.