ಹಳೆಯ ವೆಸ್ಪಾ ಸರಿ ಮಾಡಿ ಪ್ರದರ್ಶನಕ್ಕೆ ಒಯ್ಯಬೇಕು, ಮೊದಲು ಪೇಂಟ್ ಮಾಡಿಸಲಾ?

ನಿಮ್ಮ ಪ್ರಶ್ನೆ ಇಷ್ಟು: ದೊಡ್ಡಪ್ಪ ಓಡಿಸುತ್ತಿದ್ದ 150 ಸಿಸಿ ವೆಸ್ಪಾ 15 ವರ್ಷದಿಂದ ಶೆಡ್ಡಿನಲ್ಲಿ ನಿಂತಿದೆ. ಅದನ್ನು ಸರಿ ಮಾಡಿ ಹಳೆಯ ಸ್ಕೂಟರ್‌ಗಳ ಪ್ರದರ್ಶನಕ್ಕೆ ಒಯ್ಯುವ ಆಸೆ. ಬಣ್ಣ ಪೂರ್ತಿ ಕೆಟ್ಟಿದೆ, ಹಾಗಾಗಿ ಮೊದಲು ಪೇಂಟ್ ಮಾಡಿಸಿ ಆಮೇಲೆ ಎಂಜಿನ್‌ಗೆ ಕೈ ಹಾಕೋಣ ಅಂದುಕೊಂಡಿದ್ದೀರಿ. ಸರಿನಾ ಅಂತ ಕೇಳಿದ್ದೀರಿ.

ದಯವಿಟ್ಟು ಬೇಡ. ಪೇಂಟ್ ಕೊನೆಗೆ. ಎಷ್ಟೋ ಸಲ ಪೇಂಟೇ ಬೇಕಾಗುವುದಿಲ್ಲ.

ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ನನ್ನ ಮೊದಲ ಸ್ಕೂಟರ್ ಕೂಡ ನಿಮ್ಮದರಂಥದೇ, 1960ರ ದಶಕದ ವೆಸ್ಪಾ. ತಂದ ವಾರದಲ್ಲೇ ಪೂರ್ತಿ ಬಿಚ್ಚಿ, ಮೈಯನ್ನು ಬರೀ ತಗಡು ಕಾಣುವ ತನಕ ಉಜ್ಜಿಸಿ, ಹೊಳೆಯುವ ಮೆಟಾಲಿಕ್ ಕೆಂಪು ಹೊಡೆಸಿದೆ. ಸಿಕ್ಕಸಿಕ್ಕಲ್ಲೆಲ್ಲ ಕ್ರೋಮ್. ತುಕ್ಕು ಹಿಡಿದ ಸ್ಕ್ರೂಗಳನ್ನು ಎಸೆದು ಸ್ಟೈನ್‌ಲೆಸ್ ಸ್ಟೀಲಿನವು ಹಾಕಿದೆ. ಕೆಳಭಾಗಕ್ಕೆ ದಪ್ಪನೆಯ ಕಪ್ಪು ಕೋಟಿಂಗ್ ಬಳಿಸಿದೆ. ಮದುವೆ ಮನೆಗೆ ಹೊರಟ ಹಾಗಿತ್ತು ಗಾಡಿ.

ಪ್ರದರ್ಶನದ ದಿನ ತೀರ್ಪುಗಾರರು ಬಂದರು. ವಯಸ್ಸಾದವರು, ಕೈಯಲ್ಲಿ ಸಣ್ಣ ಟಾರ್ಚು. ಎದುರಿನ ಹೊಳಪನ್ನು ಅವರು ನೋಡಲೇ ಇಲ್ಲ. ನೆಲದ ಮೇಲೆ ಪೇಪರ್ ಹಾಸಿಕೊಂಡು ಮಂಡಿಯೂರಿ ಅಡಿಗೆ ಟಾರ್ಚ್ ಬಿಟ್ಟರು. ಆಮೇಲೆ ಡಿಕ್ಕಿ ತೆಗೆಸಿದರು. "ಇದರ ಮೂಲ ಬಣ್ಣ ಯಾವುದಿತ್ತು?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಡಿಕ್ಕಿಯ ಒಳಗೂ ಕೆಂಪು ಹೊಡೆಸಿಬಿಟ್ಟಿದ್ದೆ. ಅವರು ಏನೋ ಬರೆದುಕೊಂಡು ಪಕ್ಕದ ಸ್ಕೂಟರ್‌ಗೆ ಹೋದರು. ಅದರ ಬಣ್ಣ ಮಂಕಾಗಿತ್ತು, ಕಾಲಿಡುವ ಜಾಗದಲ್ಲಿ ಬಣ್ಣ ಸವೆದು ಪ್ರೈಮರ್ ಕಾಣುತ್ತಿತ್ತು. ಅಲ್ಲಿ ಕಾಲು ಗಂಟೆ ನಿಂತರು. ಮಾಲೀಕನ ಜೊತೆ ನಗುತ್ತಾ ಮಾತಾಡಿದರು. ನನಗೆ ಹೊಟ್ಟೆ ಉರಿದುಹೋಯಿತು, ಸುಳ್ಳು ಯಾಕೆ ಹೇಳಲಿ.

ಆದ್ದರಿಂದ ನಿಮ್ಮ ಮೊದಲ ಕೆಲಸ ಏನನ್ನೂ ಬಿಚ್ಚದೆ ನೋಡುವುದು. ಗಾಡಿಯನ್ನು ತೊಳೆಯಲೂ ಹೋಗಬೇಡಿ. ನಾಲ್ಕೂ ಕಡೆಯಿಂದ, ಅಡಿಯಿಂದ, ಸೀಟ್ ಎತ್ತಿ, ಸೈಡ್ ಪ್ಯಾನೆಲ್ ತೆಗೆದು ಫೋಟೋ ತೆಗೆಯಿರಿ. ಯಾವ ಕೇಬಲ್ ಯಾವುದರ ಮೇಲೆ ಹೋಗಿದೆ, ಯಾವ ಸ್ಕ್ರೂವಿನ ತಲೆ ಎಂಥದ್ದು, ವಾಷರ್ ಎಷ್ಟಿದೆ ಎಲ್ಲವೂ ಬರಲಿ. ಆರು ತಿಂಗಳ ನಂತರ ಕೈಯಲ್ಲೊಂದು ಬ್ರಾಕೆಟ್ ಹಿಡಿದುಕೊಂಡು "ಇದು ಎಲ್ಲಿಯದು?" ಅಂತ ಕೂರುವ ದಿನ ಬಂದೇ ಬರುತ್ತದೆ.

ಆಮೇಲೆ ನಂಬರ್ ಹುಡುಕಿ. ವೆಸ್ಪಾದ ಫ್ರೇಮ್ ಮೇಲೂ ಎಂಜಿನ್ ಮೇಲೂ ಅಕ್ಷರ ಸೇರಿಸಿ ನಂಬರ್ ಗುದ್ದಿರುತ್ತಾರೆ. ಉದಾಹರಣೆಗೆ 1960ರಲ್ಲಿ ಬಂದ 150 ಸಿಸಿ ಮಾದರಿಯ ಫ್ರೇಮ್ ಮೇಲೆ 'ವಿಬಿಬಿ1ಟಿ' ಅಂತ ಶುರುವಾದರೆ ಎಂಜಿನ್ ಮೇಲೆ 'ವಿಬಿಬಿ1ಎಂ' ಅಂತ ಇರಬೇಕು. 'ಟಿ' ಅಂದರೆ ಇಟಾಲಿಯನ್‌ನಲ್ಲಿ ಟೆಲಾಯೋ, ಅಂದರೆ ಫ್ರೇಮ್. 'ಎಂ' ಅಂದರೆ ಮೊಟೋರೆ, ಎಂಜಿನ್. ಈ ಎರಡು ಹೊಂದದಿದ್ದರೆ ಯಾರೋ ಯಾವಾಗಲೋ ಬೇರೆ ಎಂಜಿನ್ ಕೂರಿಸಿದ್ದಾರೆ ಅಂತ ಅರ್ಥ. ಓಡಿಸಲು ತೊಂದರೆ ಇಲ್ಲ, ಆದರೆ ಪ್ರದರ್ಶನದಲ್ಲಿ ಅಂಕ ಹೋಗುತ್ತದೆ. ನಂಬರ್ ಇರುವ ಜಾಗವನ್ನು ಮಾತ್ರ ಗ್ರೈಂಡರ್‌ನಿಂದ ಮುಟ್ಟಬೇಡಿ. ಕೈಯಿಂದ, ಮೆತ್ತಗೆ ಸ್ವಚ್ಛ ಮಾಡಿ.

ಮುಂದಿನದು ತುಕ್ಕು. ಇಲ್ಲಿ ವೆಸ್ಪಾ ಹೇಗೆ ಹುಟ್ಟಿತು ಅಂತ ಗೊತ್ತಿದ್ದರೆ ಒಳ್ಳೆಯದು. ಅದನ್ನು ವಿನ್ಯಾಸ ಮಾಡಿದ ಕೊರಾಡಿನೋ ದಸ್ಕಾನಿಯೋ ವಿಮಾನ, ಹೆಲಿಕಾಪ್ಟರ್ ಕೆಲಸದ ಎಂಜಿನಿಯರ್. ಮೋಟರ್‌ಸೈಕಲ್ ಅಂದರೆ ಅವರಿಗೆ ಅಷ್ಟಕ್ಕಷ್ಟೇ. ಚೈನಿನ ಎಣ್ಣೆ ಬಟ್ಟೆಗೆ ತಾಗುತ್ತದೆ, ಟೈರ್ ಬಿಚ್ಚುವುದು ಕಷ್ಟ ಅನ್ನುವ ತಕರಾರು. 1946ರಲ್ಲಿ ಪಿಯಾಜಿಯೋ ಹೊರತಂದ 98 ಸಿಸಿ ವೆಸ್ಪಾದಲ್ಲಿ ಚೈನ್ ಇಲ್ಲ, ಮುಂದಿನ ಚಕ್ರವನ್ನು ವಿಮಾನದ ಚಕ್ರದ ಹಾಗೆ ಒಂದೇ ಕಡೆಯಿಂದ ಹಿಡಿದಿದೆ, ಪೈಪಿನ ಫ್ರೇಮ್ ಇಲ್ಲವೇ ಇಲ್ಲ. ಅಚ್ಚೊತ್ತಿದ ತಗಡಿನ ಮೈಯೇ ಫ್ರೇಮ್. ಮರುವರ್ಷ ಇನೊಸೆಂಟಿ ಕಂಪನಿ ತಂದ ಲ್ಯಾಂಬ್ರೆಟಾ ಹಾಗಲ್ಲ, ಅದರೊಳಗೆ ಪೈಪಿನ ಫ್ರೇಮ್ ಇದೆ. ಲ್ಯಾಂಬ್ರೆಟಾದ ಪ್ಯಾನೆಲ್ ತುಕ್ಕು ತಿಂದರೆ ಬೇರೆ ಪ್ಯಾನೆಲ್ ಹಾಕಿದರಾಯಿತು. ವೆಸ್ಪಾದಲ್ಲಿ ಕಾಲಿಡುವ ತಗಡು ತೂತಾಯಿತು ಅಂದರೆ ಬೆನ್ನುಮೂಳೆಗೇ ರೋಗ ಬಂದ ಹಾಗೆ.

ತೆಳು ಬಟ್ಟೆಯಲ್ಲಿ ಸುತ್ತಿದ ಒಂದು ಸಣ್ಣ ಅಯಸ್ಕಾಂತ ಹಿಡಿದು ಮೈಯೆಲ್ಲಾ ಸವರಿ ನೋಡಿ. ಎಲ್ಲಿ ಅಂಟಿಕೊಳ್ಳುವುದಿಲ್ಲವೋ ಅಲ್ಲಿ ಬಣ್ಣದ ಕೆಳಗೆ ದಪ್ಪ ಪುಟ್ಟಿ ಇದೆ. ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಕಾಲಿಡುವ ಫ್ಲೋರ್ ತಗಡನ್ನು ಅಡಿಯಿಂದ ಕುಟ್ಟಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ಕೊಳೆತದ್ದು ಒದ್ದೆ ರಟ್ಟಿನ ಹಾಗೆ ಮಂಕಾಗಿ ಸದ್ದು ಮಾಡುತ್ತದೆ. ಹಳೆ ತಗಡಿನ ಮೇಲೆ ಹೊಸ ತಗಡು ಹೊದಿಸಿ ಮುಚ್ಚಿರುವುದೂ ಉಂಟು, ಅಂಚು ನೋಡಿದರೆ ಗೊತ್ತಾಗುತ್ತದೆ. ಫ್ಲೋರ್ ಕತ್ತರಿಸಲೇಬೇಕಾದರೆ ಮೊದಲು ಮುಂಭಾಗಕ್ಕೂ ಸೀಟಿನ ಭಾಗಕ್ಕೂ ಮಧ್ಯೆ ಕಬ್ಬಿಣದ ಸರಳು ತಾತ್ಕಾಲಿಕವಾಗಿ ವೆಲ್ಡ್ ಮಾಡಿಸಿ. ಇಲ್ಲದಿದ್ದರೆ ಮೈ ಸೊಟ್ಟಗಾಗಿ, ಗಾಡಿ ಜನ್ಮಪೂರ್ತಿ ಒಂದು ಕಡೆಗೆ ಎಳೆಯುತ್ತದೆ. ಮರಳು ಹೊಡೆಸಿ ತುಕ್ಕು ತೆಗೆಸುವವರಿಗೂ ಮೊದಲೇ ಹೇಳಿ: ಒತ್ತಡ ಕಡಿಮೆ ಇರಲಿ. ಇಲ್ಲದಿದ್ದರೆ ಮರಳಿನ ಹೊಡೆತಕ್ಕೆ ಅಗಲವಾದ ತಗಡು ಹಪ್ಪಳದ ಹಾಗೆ ಅಲೆ ಏಳುತ್ತದೆ.

ಈಗ ಎಂಜಿನ್. 15 ವರ್ಷ ನಿಂತದ್ದಕ್ಕೆ ಕಿಕ್ ಹೊಡೆಯುವ ಚಪಲ ತಡೆದುಕೊಳ್ಳಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಿಂದ ಎರಡು ಚಮಚ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ಮರುದಿನ ಮ್ಯಾಗ್ನೆಟ್ ಚಕ್ರವನ್ನು, ಅಂದರೆ ಎಂಜಿನ್ ಜೊತೆ ತಿರುಗಿ ಕರೆಂಟ್ ಹುಟ್ಟಿಸುವ ಚಕ್ರವನ್ನು, ಕೈಯಿಂದ ಮೆಲ್ಲಗೆ ತಿರುಗಿಸಿ. ತಿರುಗಿತಾ, ಒಳ್ಳೆಯದು. ತಿರುಗಲಿಲ್ಲವಾ, ಬಲ ಹಾಕಬೇಡಿ, ಇನ್ನೊಂದು ದಿನ ಎಣ್ಣೆಯಲ್ಲಿ ನೆನೆಯಲಿ. ಟ್ಯಾಂಕಿನ ಹಳೆ ಪೆಟ್ರೋಲ್ ವಾರ್ನಿಶ್ ವಾಸನೆ ಹೊಡೆಯುತ್ತಿರುತ್ತದೆ. ಅದನ್ನು ಖಾಲಿ ಮಾಡಿ, ಕಾರ್ಬುರೇಟರ್ ಬಿಚ್ಚಿ ಜೆಟ್‌ಗಳನ್ನು, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗಗಳನ್ನು, ತೊಳೆಯಿರಿ. ಜೆಟ್‌ಗೆ ತಂತಿ ತೂರಿಸಬೇಡಿ, ತೂತು ದೊಡ್ಡದಾಗುತ್ತದೆ, ಗಾಳಿ ಊದಿದರೆ ಸಾಕು. ಗಾಡಿ ಓರೆ ಮಾಡಿ ಒದ್ದರೆ ಮಾತ್ರ ಸ್ಟಾರ್ಟ್ ಆಗುತ್ತಿತ್ತು ಅಂತ ಮನೆಯವರು ನೆನಪು ಮಾಡಿಕೊಂಡರೆ, ಕಾರ್ಬುರೇಟರ್ ಆಗಲೇ ಕಸ ಕಟ್ಟಿಕೊಂಡಿದ್ದಿರಬಹುದು.

ಸ್ಟಾರ್ಟ್ ಆಯಿತು ಅಂತ ಕುಣಿದು ಓಡಿಸಿಕೊಂಡು ಹೋಗುವವರೇ ಜಾಸ್ತಿ. ಅಲ್ಲೇ ಪಿಸ್ಟನ್ ಕಚ್ಚಿಕೊಳ್ಳುವುದು. ಕಾರಣ ಆಯಿಲ್ ಸೀಲ್. ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ದಂಡವೇ ಕ್ರ್ಯಾಂಕ್. ಅದರ ಎರಡೂ ಕಡೆ ಇರುವ ಈ ರಬ್ಬರ್ ಬಳೆಗಳು ಸುಮ್ನೆ ನಿಂತೇ ಗಟ್ಟಿಯಾಗುತ್ತವೆ. ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಎಂಜಿನ್ ಅಲ್ಲಿಂದ ಗಾಳಿ ಎಳೆದುಕೊಳ್ಳುತ್ತದೆ. ಪೆಟ್ರೋಲಿನ ಪಾಲು ಕಡಿಮೆಯಾಗಿ, ಅದರ ಜೊತೆ ಬರಬೇಕಾದ ಎಣ್ಣೆಯೂ ಕಡಿಮೆಯಾಗಿ, ವಿಪರೀತ ಬಿಸಿಯಾಗುತ್ತದೆ. ಲಕ್ಷಣ ಸುಲಭ: ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇರುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಹೋಗಿ ಸುಟ್ಟು, ಸೈಲೆನ್ಸರ್‌ನಿಂದ ಬಿಳಿ ಹೊಗೆ ಮೋಡದ ಹಾಗೆ ಬರುತ್ತದೆ. ಸೀಲ್ ಸಣ್ಣ ವಸ್ತು, ಆದರೆ ಕ್ಲಚ್ ಕಡೆಯದನ್ನು ಹಾಕಲು ಸಾಮಾನ್ಯವಾಗಿ ಎಂಜಿನ್ ಎರಡು ಹೋಳು ಮಾಡಬೇಕು. ಹೇಗೂ ತೆರೆದಿರುತ್ತೀರಲ್ಲ, ಬೇರಿಂಗ್‌ಗಳನ್ನೂ ಆಗಲೇ ಬದಲಿಸಿಬಿಡಿ.

ಮ್ಯಾಗ್ನೆಟ್ ಚಕ್ರ ತೆಗೆಯಲು ಪುಲ್ಲರ್ ಅಂತಲೇ ಬರುತ್ತದೆ, ಅದನ್ನೇ ಬಳಸಿ. ಸುತ್ತಿಗೆ ಏಟು ಹೊಡೆದವರ ಗಾಡಿಗಳಲ್ಲಿ ಕ್ರ್ಯಾಂಕಿನ ತುದಿ ಅಣಬೆಯ ಹಾಗೆ ಅಗಲವಾದದ್ದನ್ನು ನೋಡಿದ್ದೇನೆ. ಕಿಡಿ ಹುಟ್ಟಿಸಲು ತೆರೆದು ಮುಚ್ಚುವ ಪಾಯಿಂಟ್‌ಗಳ ಗ್ಯಾಪ್ ಸುಮಾರು 0.4 ಮಿ.ಮೀ. ಇಡಿ. ತಣ್ಣಗಿದ್ದಾಗ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ನಿಂತುಬಿಟ್ಟರೆ ಆ ಪಾಯಿಂಟ್‌ಗಳ ಜೊತೆ ಇರುವ ಕಂಡೆನ್ಸರ್ ಮೇಲೆ ಮೊದಲ ಅನುಮಾನ ಇರಲಿ. ಪೆಟ್ರೋಲಿನಲ್ಲಿ ಬೆರೆಸುವ ಎಣ್ಣೆ ಎಷ್ಟು ಅನ್ನುವುದು ಮಾದರಿಯ ಮೇಲೆ ಹೋಗುತ್ತದೆ. ಮೊದಮೊದಲ ವೆಸ್ಪಾಗಳಿಗೆ ಶೇ. 5, ಅಂದರೆ ಲೀಟರ್‌ಗೆ 50 ಮಿ.ಲೀ. ಪೆಟ್ರೋಲ್ ಒಳಬಿಡುವ ವಾಲ್ವಿನ ಕೆಲಸವನ್ನು ಕ್ರ್ಯಾಂಕೇ ಮಾಡುವ ನಂತರದ ಎಂಜಿನ್‌ಗಳಿಗೆ ಶೇ. 2, ಲೀಟರ್‌ಗೆ 20 ಮಿ.ಲೀ. ನಿಮ್ಮದು ಯಾವುದು ಅಂತ ಆ ಫ್ರೇಮ್ ನಂಬರ್ ಹೇಳುತ್ತದೆ.

ಕೇಬಲ್, ವೈರಿಂಗ್ ಬಗ್ಗೆ ಒಂದೇ ಮಾತು. ಹಳೆಯದನ್ನು ಎಳೆದು ತೆಗೆಯುವ ಮೊದಲು ಅದರ ತುದಿಗೆ ಗಟ್ಟಿ ದಾರ ಕಟ್ಟಿ. ಹಳೆಯದು ಹೊರಗೆ ಬಂದಾಗ ದಾರ ಒಳಗೆ ಉಳಿಯುತ್ತದೆ, ಹೊಸದನ್ನು ಅದರಿಂದಲೇ ಎಳೆದುಕೊಳ್ಳಬಹುದು. ನಾನು ಮೊದಲ ಸಲ ದಾರ ಕಟ್ಟದೆ ಒಂದು ಇಡೀ ಭಾನುವಾರ ಕಳೆದೆ.

ಚಕ್ರದ ವಿಷಯ ಮಾತ್ರ ತಮಾಷೆಯಲ್ಲ. ಈ ಸ್ಕೂಟರ್‌ಗಳ ರಿಮ್ ಎರಡು ಹೋಳು, ನಟ್ ಹಾಕಿ ಜೋಡಿಸಿರುತ್ತಾರೆ. ಟ್ಯೂಬಿನಲ್ಲಿ ಗಾಳಿ ಇರುವಾಗ ಆ ನಟ್ ಬಿಚ್ಚಿದರೆ ಹೋಳುಗಳು ಸಿಡಿದು ಮುಖಕ್ಕೇ ಬರಬಹುದು. ಮೊದಲು ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ, ಆಮೇಲೆ ಸ್ಪಾನರ್ ಮುಟ್ಟಿ. ಟೈರ್ ನೋಡಲು ಚೆನ್ನಾಗಿದೆ ಅಂತ 15 ವರ್ಷದ ಟೈರನ್ನೇ ಇಟ್ಟುಕೊಳ್ಳಬೇಡಿ, ರಬ್ಬರ್ ಒಳಗೇ ಬಿರುಕು ಬಿಟ್ಟಿರುತ್ತದೆ.

ಇಷ್ಟಾದ ಮೇಲೆ ನಿಮ್ಮ ಪೇಂಟಿನ ಪ್ರಶ್ನೆಗೆ ಬರೋಣ. "ಬಣ್ಣ ಪೂರ್ತಿ ಹೋಗಿದೆ" ಅಂದಿರಲ್ಲ, ಹೋಗಿರುವುದು ಯಾವ ಬಣ್ಣ? ಕಂಪನಿಯದೋ, ಆಮೇಲೆ ಯಾರೋ ಬಳಿದದ್ದೋ?

ನನ್ನ ಎರಡನೇ ಸ್ಕೂಟರ್‌ಗೆ ಯಾರೋ ಬ್ರಷ್‌ನಲ್ಲಿ ಹಸಿರು ಎನಾಮಲ್ ಬಳಿದಿದ್ದರು. ಬಾಗಿಲಿಗೆ ಬಳಿದು ಉಳಿದದ್ದು ಅನ್ನಿಸುತ್ತದೆ, ಬ್ರಷ್ಷಿನ ಒಂದು ಕೂದಲು ಕೂಡ ಅದರಲ್ಲೇ ಅಂಟಿ ಒಣಗಿತ್ತು. ಈ ಸಲ ಅವಸರ ಮಾಡಲಿಲ್ಲ. ಸ್ಟೆಪ್ನಿಯ ಹಿಂದೆ, ಯಾರಿಗೂ ಕಾಣದ ಜಾಗದಲ್ಲಿ ಪ್ಲಾಸ್ಟಿಕ್ ಕಾರ್ಡ್ ಒಂದರ ಅಂಚಿನಿಂದ ಕೆರೆದು ನೋಡಿದೆ. ಹಸಿರು ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಕೆಳಗೆ ತಿಳಿ ನೀಲಿ. ಆಮೇಲೆ ದಿನಾ ಸಂಜೆ ಒಂದು ಗಂಟೆ, ಅಂಗೈ ಅಗಲದಷ್ಟು ಜಾಗ. ಕಾರ್ಡಿಗೆ ಬಾರದ ಕಡೆ 2000 ನಂಬರಿನ ವಾಟರ್ ಪೇಪರ್, ಸೋಪು ನೀರು. ಉಜ್ಜುವ ನೀರು ಹಸಿರಾಗಿ ಹರಿಯುತ್ತಿರುತ್ತದೆ. ಅದು ನೀಲಿಗೆ ತಿರುಗಿದ ಕ್ಷಣ ಕೈ ನಿಲ್ಲಿಸಬೇಕು. ಒಂದೆರಡು ಕಡೆ ನಿಲ್ಲಿಸಲಿಲ್ಲ, ಅಲ್ಲಿ ಪ್ರೈಮರ್ ಕಾಣುತ್ತದೆ. ಇರಲಿ ಅಂತ ಬಿಟ್ಟಿದ್ದೇನೆ. ಥಿನ್ನರ್ ಬಳಸುವವರೂ ಇದ್ದಾರೆ. ಆದರೆ ಅದು ಕೆಳಗಿನ ಹಳೆ ಬಣ್ಣವನ್ನೂ ಕರಗಿಸಬಹುದು, ಮರೆಯ ಜಾಗದಲ್ಲಿ ಪರೀಕ್ಷೆ ಮಾಡದೆ ಮುಟ್ಟಬೇಡಿ.

ಮೂರು ತಿಂಗಳು ಹಿಡಿಯಿತು. ಮುಂಭಾಗದ ತಗಡಿನ ಒಳಗೆ, ಸವಾರನ ಮೊಣಕಾಲು ತಾಗುತ್ತಿದ್ದ ಜಾಗದಲ್ಲಿ ನೀಲಿ ಬಣ್ಣ ನಯವಾಗಿ ಸವೆದಿದೆ. ಅದನ್ನು ಯಾವ ಪೇಂಟರ್ ಮಾಡಿಕೊಟ್ಟಾನು ಹೇಳಿ?

ಕೆಳಗೆ ಏನೂ ಉಳಿದಿಲ್ಲ ಅಂತ ಖಾತ್ರಿಯಾದರೆ ಧಾರಾಳವಾಗಿ ಪೇಂಟ್ ಮಾಡಿಸಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಮಾದರಿಗೆ, ಆ ವರ್ಷಕ್ಕೆ ಇದ್ದ ಬಣ್ಣವನ್ನೇ ಹೊಡೆಸಿ. ಇಟಲಿಯ ವೆಸ್ಪಾಗಳಿಗೆ ಮ್ಯಾಕ್ಸ್‌ಮೇಯರ್ ಕಂಪನಿಯ ಬಣ್ಣದ ಕೋಡ್‌ಗಳಿವೆ, ಲ್ಯಾಂಬ್ರೆಟಾಗಳಿಗೆ ಲೆಕ್ಲರ್ ಕಂಪನಿಯ ಕೋಡ್‌ಗಳು. ಮೆಟಾಲಿಕ್ ಆಸೆ ಬಿಡಿ. ಮೊದಲು ಎಂಜಿನ್, ಚಕ್ರ, ಪ್ಯಾನೆಲ್ ಎಲ್ಲ ಜೋಡಿಸಿ, ಓಡಿಸಿ ನೋಡಿ, ಆಮೇಲೆ ಮತ್ತೆ ಬಿಚ್ಚಿ ಪೇಂಟಿಗೆ ಕೊಡಿ. ಎರಡೆರಡು ಸಲ ಕೆಲಸ ಅನ್ನಿಸುತ್ತದೆ ಅಲ್ವಾ? ಹೊಸ ಬಣ್ಣದ ಮೇಲೆ ವೆಲ್ಡಿಂಗ್ ಮಾಡಿಸಬೇಕಾಗಿ ಬಂದವರನ್ನು ಕೇಳಿ ನೋಡಿ.

ಪ್ರದರ್ಶನದ ಬಗ್ಗೆ: ಸಾಮಾನ್ಯವಾಗಿ ಮೂಲ ಸ್ಥಿತಿಯಲ್ಲಿರುವವು, ರಿಸ್ಟೋರ್ ಮಾಡಿದವು, ಇಷ್ಟಬಂದಂತೆ ಬದಲಿಸಿದವು ಅಂತ ವಿಭಾಗಗಳಿರುತ್ತವೆ. ಹೆಸರು ಕೊಡುವ ಮೊದಲು ನಿಮ್ಮದು ಎಲ್ಲಿಗೆ ಸೇರುತ್ತದೆ ಅಂತ ಕೇಳಿಕೊಳ್ಳಿ. ಬಿಚ್ಚುವ ಮೊದಲು ತೆಗೆದ ಫೋಟೋಗಳನ್ನು ಒಂದು ಫೈಲಿನಲ್ಲಿಟ್ಟು ಜೊತೆಗೆ ಒಯ್ಯಿರಿ, ತೀರ್ಪುಗಾರರಿಗಿಂತ ಜಾಸ್ತಿ ನೋಡಲು ಬಂದ ಜನ ಅದನ್ನು ತಿರುವಿ ಹಾಕುತ್ತಾರೆ. ಸಾಗಿಸುವಾಗ ಪೆಟ್ರೋಲ್ ಕಾಕ್ ಮುಚ್ಚಿರಲಿ. ಅಡಿಗೆ ಒಂದು ರಟ್ಟು ಹಾಕಿ, ಎರಡು ಹನಿ ಎಣ್ಣೆ ಸೋರಿಯೇ ಸೋರುತ್ತದೆ.

ಸದ್ಯಕ್ಕೆ ಪೇಂಟರ್‌ಗೆ ಫೋನ್ ಮಾಡಬೇಡಿ. ಶೆಡ್ಡಿಗೆ ಹೋಗಿ ಡಿಕ್ಕಿಯ ಒಳಗೆ, ಟ್ಯಾಂಕಿನ ಅಡಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಅಲ್ಲಿ ಯಾವ ಬಣ್ಣ ಇದೆ ಅಂತ ಇಲ್ಲೇ ಬರೆಯಿರಿ, ಫ್ರೇಮ್ ನಂಬರಿನ ಮೊದಲ ಐದು ಅಕ್ಷರಗಳನ್ನೂ ಹಾಕಿ. ಮುಂದಿನದನ್ನು ಅದು ನೋಡಿಕೊಂಡು ಹೇಳುತ್ತೇನೆ.