ಟ್ರೇಲರ್ ನೋಡಿ ಪ್ರಿ-ಆರ್ಡರ್ ಒತ್ತಿದವರಿಗೆ

"ಗೇಮ್ ಕಂಪನಿಗಳ ಸ್ಟೇಜ್ ಶೋ ಬರೀ ನಾಟಕ, ಆನ್‌ಲೈನ್ ಪ್ರಸಾರದಲ್ಲಿ ನೇರ ಗೇಮ್ ತೋರಿಸುತ್ತಾರೆ, ಅದಕ್ಕೇ ಡೀಲಕ್ಸ್ ಎಡಿಶನ್ ಪ್ರಿ-ಆರ್ಡರ್ ಮಾಡಿದೆ" ಅಂತ ಬರೆದಿದ್ದೀರಿ. ಓದಿ ಹೊಟ್ಟೆ ಚುರುಕ್ ಅಂತು. ನಾನೂ ಇದನ್ನೇ ಮಾಡಿದವನು.

ಪ್ರಸಾರದ ಕೊನೆಯಲ್ಲಿ ಬಂದ ಒಂದೂವರೆ ನಿಮಿಷದ ಟ್ರೇಲರ್ ನೋಡಿ, ಗೇಮ್ ಬರುವ ಮುಂಚೆಯೇ ದುಡ್ಡು ಕಟ್ಟಿದ್ದೆ. ಎರಡು ಸಲ ಮುಂದೂಡಿದರು. ಕೊನೆಗೆ ಬಂದ ಗೇಮಿನಲ್ಲಿ ನನ್ನನ್ನು ಮರುಳು ಮಾಡಿದ ಆ ಮಳೆಯ ಪೇಟೆಯೇ ಇರಲಿಲ್ಲ! ಹಳೇ ಟ್ರೇಲರ್ ತೆಗೆದು ನೋಡಿದೆ. ಇದು ಆಟದ ದೃಶ್ಯವಲ್ಲ ಅಂತ ಶುರುವಿನಲ್ಲೇ ಇರುವೆ ಗಾತ್ರದ ಅಕ್ಷರ. ಆ ಹೊತ್ತಿಗೆ ನಾನು ಚಾಟ್‌ನಲ್ಲಿ ಬೆಂಕಿ ಎಮೋಜಿ ಒತ್ತುತ್ತಿದ್ದೆ.

ಈಗ ಲೈವ್ ನೋಡಿ ಏನನ್ನೂ ಕೊಳ್ಳುವುದಿಲ್ಲ. ಆಮೇಲೆ ಬಿಡಿಯಾಗಿ ಹಾಕುವ ಟ್ರೇಲರನ್ನು ಮ್ಯೂಟ್ ಮಾಡಿ ನೋಡುತ್ತೇನೆ. ಮ್ಯೂಸಿಕ್ ಹೋದರೆ ಅರ್ಧ ಜೀವ ಹೋಯಿತು. ಆಮೇಲೆ ಒಂದೇ ಶಾಟ್ ಕಟ್ ಇಲ್ಲದೆ 10 ಸೆಕೆಂಡ್ ಓಡುತ್ತದಾ, ಹೆಲ್ತ್ ಬಾರ್ (ಪಾತ್ರಕ್ಕೆ ಎಷ್ಟು ಜೀವ ಉಳಿದಿದೆ ಅಂತ ತೋರಿಸುವ ಪಟ್ಟಿ) ಎಲ್ಲಾದರೂ ಕಾಣುತ್ತದಾ ನೋಡಿ. ಇಲ್ಲವಾ, ವಿಷ್‌ಲಿಸ್ಟ್‌ಗೆ ಹಾಕಿ ಸುಮ್ನಿರಿ. ಹೆಲ್ತ್ ಬಾರ್ ಕಂಡಿತು ಅಂತ ಕುಣಿಯಲೂ ಬೇಡಿ, ಅದನ್ನೂ ಅಂಟಿಸಬಹುದು. ಅದೇ ಇಲ್ಲದ ಒಳ್ಳೇ ಗೇಮ್‌ಗಳೂ ಇವೆ.

ಸ್ಟೇಜ್ ಸಾಚಾ ಅಂತಲ್ಲ. 2005ರಲ್ಲಿ ಇ3 ಅನ್ನೋ ಗೇಮ್ ಮೇಳದ ಕಿಲ್‌ಜೋನ್ 2 ಟ್ರೇಲರ್ ಪೂರ್ತಿ ಮೊದಲೇ ರೆಂಡರ್ ಮಾಡಿಟ್ಟ ವಿಡಿಯೊ, ಆಟವಲ್ಲ. ಆದರೆ ಅಲ್ಲಿ ಎಡವಿದರೆ ಎಲ್ಲರಿಗೂ ಕಾಣುತ್ತಿತ್ತು. 2010ರಲ್ಲಿ ನಿಂಟೆಂಡೊ ಕಂಪನಿಯ ಗೇಮ್ ಡಿಸೈನರ್ ಮಿಯಾಮೊಟೊ ಸ್ಕೈವರ್ಡ್ ಸೋರ್ಡ್ ಗೇಮ್ ಆಡಿ ತೋರಿಸುವಾಗ ಕಂಟ್ರೋಲರ್ ಮಾತೇ ಕೇಳಲಿಲ್ಲ. 2015ರಲ್ಲಿ ಅನ್‌ಚಾರ್ಟೆಡ್ 4 ಗೇಮಿನ ನಾಯಕ ಡ್ರೇಕ್ ಕಂಬದ ಹಾಗೆ ನಿಂತುಬಿಟ್ಟ, ಡೆಮೊ ಮತ್ತೆ ಶುರು ಮಾಡಿದರು. ಅಂದರೆ ಯಾರೋ ನಿಜವಾಗಿ ಆಡುತ್ತಿದ್ದರು, ಅಲ್ವಾ? ಎಡಿಟ್ ಆದ ಪ್ರಸಾರದಲ್ಲಿ ಈ ಎಡವಟ್ಟು ಸಿಗುವುದೇ ಇಲ್ಲ. 2018ರಲ್ಲಿ ಬ್ಲಿಜಾರ್ಡ್ ಕಂಪನಿಯ ಅಭಿಮಾನಿಗಳ ಮೇಳ ಬ್ಲಿಜ್‌ಕಾನ್‌ನಲ್ಲಿ ಡಯಾಬ್ಲೊ ಇಮ್ಮಾರ್ಟಲ್ ಗೇಮ್ ಮೊಬೈಲ್‌ಗೆ ಮಾತ್ರ ಅಂದಾಗ ಜನ ಎದುರಿಗೇ ಬೂ ಅಂದರು. ವಿಡಿಯೊ ಆಗಿದ್ದರೆ ಕಮೆಂಟ್ ಆಫ್, ಮುಗೀತು.

ಆನ್‌ಲೈನ್ ಪ್ರಸಾರಗಳಲ್ಲಿ ನಿಂಟೆಂಡೊ ಕಂಪನಿಯ ನಿಂಟೆಂಡೊ ಡೈರೆಕ್ಟ್ ನನಗೆ ಇಷ್ಟ. 2011ರಿಂದ ಮಾಡಿ ಕೈ ಪಳಗಿದೆ, ಮಾತು ಕಮ್ಮಿ. ಆದರೆ ಅದೇ ಕಂಪನಿ 2017ರಲ್ಲಿ ಮೆಟ್ರಾಯ್ಡ್ ಪ್ರೈಮ್ 4ರ ಬರೀ ಲೋಗೊ ತೋರಿಸಿತು. 2019ರಲ್ಲಿ ಮೊದಲಿಂದ ಮಾಡುತ್ತೇವೆ ಅಂದಿತು. ಗೇಮ್ ಬಂದದ್ದು 2025ರ ಡಿಸೆಂಬರ್‌ಗೆ. ಲೋಗೊ ನೋಡಿ ಕನ್ಸೋಲ್ ಕೊಳ್ಳುವವರಿಗೆ ನಾನೇನು ಹೇಳಲಿ! ಸೋನಿಯ ಇಂಥದ್ದೇ ಪ್ರಸಾರ ಸ್ಟೇಟ್ ಆಫ್ ಪ್ಲೇಯಲ್ಲಿ ಒಂದೇ ಗೇಮ್‌ಗೆ ಮೀಸಲಾದ ಕಂತುಗಳು ವಾಸಿ, ಜಾಸ್ತಿ ಹೊತ್ತು ಆಟ ತೋರಿಸುತ್ತಾರೆ. 2020ರ ಘೋಸ್ಟ್ ಆಫ್ ಸುಶಿಮಾ ಕಂತು ನೋಡಿ, ಹಾಗಿರಬೇಕು. ಇನ್ನು ಲೈವ್ ಸ್ಟ್ರೀಮ್‌ನ ಮಸುಕು ನೋಡಿ ಗ್ರಾಫಿಕ್ಸ್ ಬೈಯಬೇಡಿ, ಅದು ಕಂಪ್ರೆಶನ್, ಅಂದರೆ ಕಳಿಸಲು ವಿಡಿಯೊ ಕುಗ್ಗಿಸಿದ್ದರ ಫಲ.

ನಿಮ್ಮ ಆರ್ಡರ್ ಸ್ಟೀಮ್‌ನಲ್ಲಾದರೆ (ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ) ಬಿಡುಗಡೆಗೆ ಮುಂಚೆ ಯಾವಾಗ ಬೇಕಾದರೂ ವಾಪಸ್ ಮಾಡಬಹುದು. ಬಂದ ಮೇಲೆ 14 ದಿನದೊಳಗೆ, ಅದೂ 2 ಗಂಟೆಗಿಂತ ಕಮ್ಮಿ ಆಡಿದ್ದರೆ. ಕನ್ಸೋಲ್ ಸ್ಟೋರ್ ಆದರೆ ನಿಯಮ ಬೇರೆ, ಡೌನ್‌ಲೋಡ್ ಶುರುವಾದರೆ ದುಡ್ಡು ಸಿಕ್ಕಿಹಾಕಿಕೊಳ್ಳಬಹುದು. ಆಟೋ ಡೌನ್‌ಲೋಡ್ ಈಗಲೇ ಆಫ್ ಮಾಡಿ.